ಖಾಲಿ ಡಬ್ಬದ ಬಾಬ್ತಿಗೆ ಜಮೆಯಾದ ಹುಡುಗಿ

ಆಸ್ಪತ್ರೆಯ ಉಗ್ರಾಣದಿಂದ ಹೊರಟ ಸಾಮಾನಿನ ಖಾಲಿ ಡಬ್ಬ ಮರಳಿ ಬರುವವರೆಗೆ ಮುಂದಿನ ಸಾಮಾನು ಕೊಡತಕ್ಕದ್ದಲ್ಲ. ಈ ನಿಯಮ ಫಿನಾಯಿಲಿಗೂ ಅನ್ವಯ, ಆಮ್ಲಜನಕದ ಸಿಲಿಂಡರಿಗೂ ಅನ್ವಯ. ಜೀನ್ ಚಿಕಿತ್ಸೆಗೆ ಅನ್ವಯವಲ್ಲ ಎಂದು ಎಲ್ಲೂ ಬರೆದಿಲ್ಲವಾದ್ದರಿಂದ ಅದಕ್ಕೂ ಅನ್ವಯ.

ಸೋಡಾ ಅಂಗಡಿಯವನ ಮಗಳಿಗೆ ಹುಟ್ಟಿನಿಂದ ಒಂದು ಕೊರತೆ: ಗಾಯವಾದರೆ ರಕ್ತ ನಿಲ್ಲದು. ರಕ್ತ ಹೆಪ್ಪುಗಟ್ಟಿಸುವ ಡಿಎನ್‌ಎಯನ್ನು ಅವಳ ಯಕೃತ್ತಿಗೆ ಮುಟ್ಟಿಸಬೇಕಿತ್ತು. ಬೇರೆ ಕಡೆ ಇದಕ್ಕೆ ಪಳಗಿಸಿದ ವೈರಸ್ಸನ್ನು ಬಳಸುತ್ತಾರೆ. ಇಲ್ಲಿಯ ಡಾಕ್ಟರಮ್ಮ ವೈರಸ್ಸಿನ ಗೊಡವೆಯೇ ಬೇಡವೆಂದು, ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಹನಿಗಳಲ್ಲಿ ಡಿಎನ್‌ಎ ತುಂಬಿ ರಕ್ತನಾಳಕ್ಕೆ ಕೊಟ್ಟರು. ಮೊದಲ ಡೋಸು ಅರ್ಧ ಕೆಲಸ ಮಾಡಿತು. ಎರಡನೆಯದು ಬೇಗ ಬೀಳದಿದ್ದರೆ ಆ ಅರ್ಧವೂ ನೀರುಪಾಲು.

"ಖಾಲಿ ಎಲ್ಲಿ?" ಎಂದರು ಉಗ್ರಾಣದ ಸಾಹೇಬರು.

"ಸೀಸೆ ಕೊಟ್ಟೆನಲ್ಲ ಸಾರ್," ಎಂದರು ಡಾಕ್ಟರಮ್ಮ.

"ಸೀಸೆ ಬಂತು. ಹನಿ? ಡಿಎನ್‌ಎ ಒಳಗಿನ ಸಾಮಾನು, ಹನಿ ಅದರ ಡಬ್ಬ ಅಂತ ನೀವೇ ಹೇಳಿದ್ರಿ."

"ಅದು ಜೀವಕೋಶದೊಳಗೆ ಹೋಗಿ ಒಡೆದು ಕರಗಿಬಿಡುತ್ತೆ ಸಾರ್. ಅದಕ್ಕೇ ಅಲ್ವಾ ಮಾಡಿರೋದು!"

"ಒಡೆದಿದ್ರೆ ಚೂರು ತನ್ನಿ. ಕರಗಿದ್ರೆ, ಕರಗಿಸಿದೋರು ಯಾರು ಅಂತ ವಿಚಾರಣೆ ಆಗ್ಬೇಕು."

ಡಾಕ್ಟರಮ್ಮ ಹೊರಗೆ ಬಂದು ಗೋಡೆಗೊರಗಿ ನಿಂತರು. ಮಗಳೊಂದಿಗೆ ಬಾಗಿಲಲ್ಲಿ ಕಾಯುತ್ತಿದ್ದ ಸೋಡಾ ಅಂಗಡಿಯವನಿಗೆ ಮಾತ್ರ ಸಾಹೇಬರಲ್ಲಿ ತಪ್ಪೇನೂ ಕಾಣಲಿಲ್ಲ. ಖಾಲಿ ಬಾಟಲಿ ಬರದೆ ತುಂಬಿದ ಬಾಟಲಿಯನ್ನು ಅವನೂ ಕೊಡುವವನಲ್ಲ. ಅವನಿಗೆ ಬೇಕಾದ್ದು ನ್ಯಾಯವಲ್ಲ, ಡೋಸು. ಮಗಳ ಕೈ ಹಿಡಿದು ಒಳಗೆ ನಡೆದ.

"ಸಾಹೇಬ್ರೇ, ನಿಮ್ಮ ಖಾಲಿ ಇವಳ ಹೊಟ್ಟೇಲಿದೆ. ಬಿಡಿಸೋಕಾಗಲ್ಲ. ಇಡಿಯಾಗೇ ಜಮಾ ಮಾಡ್ಕೊಳ್ಳಿ."

ಸಾಹೇಬರ ಮುಖ ಅರಳಿತು. ಇಷ್ಟು ವರ್ಷಗಳ ನೌಕರಿಯಲ್ಲಿ ನಿಯಮ ಬಲ್ಲ ಒಬ್ಬ ಮನುಷ್ಯ ಸಿಕ್ಕಿದ್ದ.

"ನನ್ನ ಎಲ್ಲಿ ಇಡ್ತೀರಿ?" ಎಂದಳು ಹುಡುಗಿ.

"ಸಿಲಿಂಡರ್ ಪಕ್ಕ."

"ಅಪ್ಪಾ, ಶಾಲೆ?"

"ಎರವಲು ಕೊಡ್ತಾರಮ್ಮ. ಸುಮ್ನಿರು, ವ್ಯಾಪಾರ ಕುದುರ್ತಾ ಇದೆ."

ಅವಳ ಮುಂಗೈಗೆ ಮೊಹರು ಬಿತ್ತು. ಅಂದೇ ಎರಡನೆಯ ಡೋಸೂ ಬಿತ್ತು. ಬೆನ್ನಿಗೇ ಸುತ್ತೋಲೆ ಹೊರಟಿತು: "ಜಮೆಯಾದ ಖಾಲಿಯನ್ನು ಊಟ, ನಿದ್ರೆ, ಶಾಲೆ ಮುಂತಾದ ಕಾರಣಗಳಿಗಾಗಿ ತಂದೆಗೆ ಎರವಲು ಕೊಡಬಹುದು. ಪೂರ್ವಾನುಮತಿಯಿಲ್ಲದೆ ಸದರಿ ಖಾಲಿಯು ಎತ್ತರ ಬೆಳೆಯತಕ್ಕದ್ದಲ್ಲ."

ಕೆಲವು ವಾರಗಳ ನಂತರ, ತಪಾಸಣೆಗೆ ಬರುವಾಗ ಹುಡುಗಿ ಉಗ್ರಾಣದ ಮೆಟ್ಟಿಲಲ್ಲೇ ಎಡವಿ ಬಿದ್ದಳು. ಮಂಡಿ ತರಚಿ ರಕ್ತ ಇಳಿಯಿತು. ಅಪ್ಪ ಡಾಕ್ಟರಮ್ಮನನ್ನು ಕೂಗಿದ. ಸಾಹೇಬರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡುತ್ತಲೇ ಇದ್ದರು. ರಕ್ತ ತೊಟ್ಟಿಕ್ಕಿತು, ನಿಧಾನವಾಯಿತು, ನಿಂತಿತು.

"ಸೋರಿಕೆ ಇಲ್ಲ," ಎಂದು ಅವರು ಷರಾ ಬರೆದರು.

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು, ಮುಖ ಒರೆಸಿಕೊಂಡು, ಎರವಲಿಗೆ ಸಹಿ ಹಾಕಿದ. ಡಾಕ್ಟರಮ್ಮ ಆ ಷರಾವನ್ನೇ ಚಿಕಿತ್ಸೆಯ ಫಲಿತಾಂಶವೆಂದು ಮೇಲಕ್ಕೆ ಕಳಿಸಿದರು. ಮೇಲಿನವರು ಮೆಚ್ಚಿದರು. ಈಗ ಈ ಚಿಕಿತ್ಸೆಗೆ ಬರುವವರಲ್ಲಿ ವಾರ್ಡಿನಲ್ಲಿ ಹಾಸಿಗೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಉಗ್ರಾಣದಲ್ಲಿ ಜಾಗ ಇದೆಯೇ ಎಂದು ವಿಚಾರಿಸಿಕೊಂಡೇ ಬರುತ್ತಾರೆ.