ಯೋಗಾನಂದನ ಬೇಸ್ ಕೇಳಿಸಿತು

ಹಾಡಿನ ಅಡಿಯಲ್ಲಿ ತಗ್ಗಿನ ದನಿ ತುಂಬುವ ಬೇಸ್ ಗಿಟಾರ್ ನುಡಿಸುವವನ ಸಂಕಟ ಅವನಿಗೇ ಗೊತ್ತು. ಸಹಕಾರನಗರದ ಯೋಗಾನಂದ ಮದುವೆ ಆರ್ಕೆಸ್ಟ್ರಾಗಳ ಹಿಂದಿನ ಸಾಲಿನಲ್ಲೇ ಅರ್ಧ ಆಯಸ್ಸು ಕಳೆದಿದ್ದ. ಹಾಡುವವರಿಗೆ ಚಪ್ಪಾಳೆ, ಕೀಬೋರ್ಡಿನವರಿಗೆ ಚಪ್ಪಾಳೆ. ಇವನನ್ನು ಮಾತ್ರ ಜನ ಕರೆಂಟಿನವನೆಂದು ತಿಳಿದು ಫ್ಯಾನ್ ಜೋರು ಮಾಡಲು ಹೇಳುತ್ತಿದ್ದರು.

ಹಾಗಾಗಿ ನವೆಂಬರ್ ಕೊನೆಗೆ ನಡೆಯುವ ಬಡಾವಣೆಯ ರಾಜ್ಯೋತ್ಸವದ ಹಾಡಿಗೆ ಬೇಸ್ ಬೇಕೆಂದು ಕಶ್ಯಪ್ ಕೇಳಿದಾಗ ಯೋಗಾನಂದ ಆಫೀಸಿಗೆ ರಜೆ ಹಾಕಿದ. ಹಾಡನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಿದ್ದ ಹುಡುಗ ಈ ಕಶ್ಯಪ್. ಸಂಜೆಯೇ ಪಾರ್ಕಿನಲ್ಲಿ ಹಾಡು ಮೊಳಗಬೇಕು, ಆದ್ದರಿಂದ ಬೇಸನ್ನು ಮಿಡಿ ಮಾಡಿ ಕಳಿಸಬೇಕು ಎಂದಿದ್ದ. ಮಿಡಿಯಲ್ಲಿ ಶಬ್ದವಿರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಒತ್ತಿ ಎಂಬ ವಿವರ ಮಾತ್ರ. ಕಂಪ್ಯೂಟರ್ ಅದನ್ನು ನೋಡಿಕೊಂಡು ಬೇಕಾದ ವಾದ್ಯದ ದನಿಯಲ್ಲಿ ನುಡಿಸುತ್ತದೆ, ಸ್ವರಲಿಪಿಯನ್ನೂ ಬರೆದುಕೊಡುತ್ತದೆ. ತನ್ನ ಬೇಸ್ ಕೊನೆಗೂ ಊರಿಗೆ ಕೇಳಿಸುತ್ತದೆಂದು ಯೋಗಾನಂದ ಮನೆಯ ಕಂಪ್ಯೂಟರಿಗೆ ಗಿಟಾರಿನ ವೈರು ಸಿಕ್ಕಿಸಿ ಎದೆಯುಬ್ಬಿಸಿ ಕೂತ.

ದಪ್ಪ ತಂತಿ ಮೀಟಿದ. ಆ ತಗ್ಗಿನ ಸ್ವರ ಯಾವುದೆಂದು ಗುರುತಿಸಲು ಕಂಪ್ಯೂಟರ್ ತಿಣುಕಾಡಿತು. ಒಂದೊಂದು ಸ್ವರವೂ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ ದಾಟಿ ಬಂದಂತೆ ತಡವಾಗಿ ಬಂತು. ಬಂದದ್ದರಲ್ಲಿ ಅರ್ಧ ತಪ್ಪು.

ಶಬ್ದ ಕೇಳಿ ಎದುರುಮನೆಯ ಶೇಷಗಿರಿಯವರು ಕಾಫಿ ಲೋಟದ ಸಮೇತ ಬಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಅವರಿಗೆ ವೈರು ಕಂಡರೆ ಕೈ ಸುಮ್ಮನಿರದು. ಲೂಸ್ ಕನೆಕ್ಷನ್ ಎಂದು ತೀರ್ಮಾನಿಸಿ ಎಲ್ಲವನ್ನೂ ಕಿತ್ತು ಮತ್ತೆ ಸಿಕ್ಕಿಸಿದರು. ಅಲ್ಲಿಯವರೆಗೆ ಬರುತ್ತಿದ್ದ ತಪ್ಪು ಸ್ವರವೂ ನಿಂತುಹೋಯಿತು. ಅದನ್ನು ಸರಿಮಾಡುವಷ್ಟರಲ್ಲಿ ಪಾತ್ರೆಗಳೆಲ್ಲ ಅದುರುತ್ತಿವೆ ಎಂದು ಕೆಳಗಿನ ಮನೆಯ ದ್ರೌಪದಮ್ಮ ಜಗಳಕ್ಕೆ ಬಂದರು. ಬಂದವರು, ಮೀಟಿ ಬಿಟ್ಟ ಮೇಲೂ ಗುಂಯ್‌ಗುಡುವ ತಂತಿಯನ್ನು ಕಂಡು, ಪಾತ್ರೆ ತೊಳೆಯುವ ಹೊಸ ಸ್ಪಂಜು ತಂದುಕೊಟ್ಟರು.

"ತಂತಿ ಕೆಳಗೆ ತುರುಕಪ್ಪಾ, ಬಾಯಿ ಮುಚ್ಕೊಳ್ಳುತ್ತೆ."

ಮುಚ್ಚಿಕೊಂಡಿತು, ಆದರೂ ಸ್ವರ ತಡವಾಗಿಯೇ ಬಂತು. ಫೋನಿನಲ್ಲಿ ಕಶ್ಯಪ್ ಮತ್ತೊಂದು ಉಪಾಯ ಹೇಳಿದ: ತೆಳು ತಂತಿಗಳಲ್ಲಿ, ಒಂದು ಸ್ಥಾಯಿ ಮೇಲೆ ನುಡಿಸಿ, ಕಂಪ್ಯೂಟರಿಗೆ ಬೇಗ ಅರ್ಥವಾಗುತ್ತದೆ. ಆಮೇಲೆ ನಾನೇ ಕೆಳಕ್ಕಿಳಿಸುತ್ತೇನೆ.

ಈಗ ಸ್ವರಗಳು ಮುತ್ತು ಪೋಣಿಸಿದಂತೆ ಬಂದವು. ಪರದೆಯ ಮೇಲೆ ಸ್ವರಲಿಪಿ ಮೂಡಿದಾಗ ಯೋಗಾನಂದನಿಗೆ ಕಣ್ಣು ತುಂಬಿತು. ಕಳಿಸಿದ. ತಮ್ಮ ಕನೆಕ್ಷನ್ನಿನ ಪ್ರತಾಪವನ್ನೂ ಸೇರಿಸಿ ಶೇಷಗಿರಿಯವರು ಬಡಾವಣೆಗೆಲ್ಲ ಡಂಗುರ ಹೊಡೆದರು.

ಸಂಜೆ ಪಾರ್ಕು ತುಂಬಿತ್ತು. ಹಾಡು ಶುರುವಾಯಿತು. ಯೋಗಾನಂದ ತನ್ನ ಒಂದೊಂದು ಸ್ವರವನ್ನೂ ಗುರುತಿಸಿದ. ಒಂದೂ ತಪ್ಪಿರಲಿಲ್ಲ. ಆದರೆ ಎಲ್ಲವೂ ಕೊಳಲಿನಲ್ಲಿ ಬರುತ್ತಿತ್ತು.

ಅವನು ಕಶ್ಯಪನ ಕಡೆ ನುಗ್ಗಿದ.

"ಅಷ್ಟು ಚೆನ್ನಾಗಿ ಬಂದಿತ್ತು ಸಾರ್, ಕೆಳಗಿಳಿಸೋಕೆ ಮನಸ್ಸಾಗ್ಲಿಲ್ಲ. ಕೊಳಲಿಗೆ ಹಾಕ್ಬಿಟ್ಟೆ."

"ಬೇಸ್ ಎಲ್ಲಯ್ಯಾ?"

"ಇಷ್ಟೊಳ್ಳೆ ಕೊಳಲು ಇರ್ಬೇಕಾದ್ರೆ ಬೇಸ್ ಯಾಕೆ ಸಾರ್? ತೆಗೆದ್ಬಿಟ್ಟೆ."

ಅಷ್ಟರಲ್ಲಿ ಶೇಷಗಿರಿಯವರು ಮೈಕ್ ಹಿಡಿದು, ಗಿಟಾರಿನಲ್ಲೇ ಕೊಳಲು ನುಡಿಸಿದ ನಮ್ಮ ಬಡಾವಣೆಯ ಕಲಾವಿದ ಎಂದು ಘೋಷಿಸಿ, ಅವನನ್ನು ವೇದಿಕೆಗೆ ಎಳೆದು ಶಾಲು ಹೊದಿಸಿದರು. ಅವನು ಜೀವಮಾನದಲ್ಲೇ ಕೇಳದಷ್ಟು ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ದ್ರೌಪದಮ್ಮ ಇನ್ನೊಂದು ಸಲ ಎಂದರು. ಶೇಷಗಿರಿಯವರು ಮೊಮ್ಮಗಳ ಕೊಳಲು ತರಿಸಿ ಅವನ ಕೈಗಿಟ್ಟರು.

ಯೋಗಾನಂದ ಶಾಲು ಸರಿಮಾಡಿಕೊಂಡ. ಮುಂದಿನ ಸಾಲಿಗೆ ತಲೆಯೆತ್ತಿ ನಕ್ಕ. ಆಮೇಲೆ, ಊದುವ ತೂತು ಯಾವುದಿರಬಹುದೆಂದು ಕೊಳಲನ್ನು ಮೆಲ್ಲಗೆ ತಿರುಗಿಸಿ ನೋಡಿದ.