ಡೌಟಿಲ್ಲದ ಕ್ಲಾಸು

ನನ್ನ ಮುಖದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಒಳಗಿನದನ್ನು ಒಳಗೇ ಇಟ್ಟುಕೊಳ್ಳುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ನನಗೆ ಬಂದಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ನಾನು ಬಾಯಿ ಬಿಡುವ ಮೊದಲೇ ಹೆಂಡತಿ ಮೊಸರು ತಂದಿಡುತ್ತಾಳೆ. ಸಂತೋಷ ಮಾತ್ರ ಯಾಕೋ ಈ ಮುಖದವರೆಗೆ ಬಂದು ಮುಟ್ಟುವುದಿಲ್ಲ. ಮದುವೆಯ ಫೋಟೋದಲ್ಲಿ ಯಾರದೋ ತಿಥಿಗೆ ಬಂದವನಂತೆ ನಿಂತಿದ್ದೇನೆ, ಅವತ್ತು ನನಗೆ ಖರೇನೇ ಖುಷಿಯಾಗಿತ್ತು. ಇಂಥವನು ಯಾವ ಕೆಲಸಕ್ಕೆ ಹೋಗಬಾರದೋ ಅದಕ್ಕೇ ಹೋದೆ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ.

ಮನೆ ವಿಜಯಪುರದ ಜಲನಗರದಲ್ಲಿ, ನಾನು ಕಲಿಸುವ ಸಾಲಿ ಬಬಲೇಶ್ವರ ದಾಟಿ ಇನ್ನೂ ಒಳಗಿನ ಹಳ್ಳಿಯಲ್ಲಿ. ದಿನಾ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಹೋದ ವರ್ಷದ ವರ್ಗಾವಣೆಯಲ್ಲಿ ಸಿಟಿಯ ಒಂದು ಸಾಲಿ ನನಗೇ ಸಿಗುತ್ತದೆಂದು ಎಷ್ಟು ನಂಬಿದ್ದೆನೆಂದರೆ, ಹಿಂದಿನ ದಿನವೇ ಸಿದ್ಧೇಶ್ವರ ಗುಡಿಯ ಹತ್ತಿರ ಪೇಡೆ ಕೊಂಡು ತಂದಿಟ್ಟಿದ್ದೆ. ಕೌನ್ಸೆಲಿಂಗಿನಲ್ಲಿ ನನಗಿಂತ ಮುಂದಿದ್ದವರು ಆ ಸಾಲಿಯನ್ನು ಆರಿಸಿಕೊಂಡು ಹೋದರು. ಪೇಡೆಯನ್ನು ಮನೆಯವರೇ ಕೂತು ತಿಂದೆವು. ಅಂದು ಮುಖಕ್ಕೆ ಬಿದ್ದ ಗಂಟು ವರ್ಷವಿಡೀ ಬಿಚ್ಚಲಿಲ್ಲ. ಹೋಗುವುದು, ಪಾಠ ಮಾಡುವುದು, ಮಕ್ಕಳು ಮೊಟ್ಟೆ ತಿನ್ನುವ ಫೋಟೋ ಹೊಡೆದು ಅದನ್ನು ಮೇಲಿನವರಿಗೆ ಕಳಿಸಲು ನೆಟ್‌ವರ್ಕ್ ಹುಡುಕುತ್ತ ಫೋನು ಎತ್ತಿ ಹಿಡಿದು ಮೈದಾನ ಸುತ್ತುವುದು, ಬರುವುದು. ಇಷ್ಟೇ.

ಅದೇ ವರ್ಷ ನಮಗೊಂದು ತರಬೇತಿಯೂ ಆಯಿತು. ಮಾಸ್ತರು ಸಂತೋಷವಾಗಿದ್ದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂದು ಹೇಳಲು ಒಬ್ಬರು ಇಡೀ ಬೆಳಗು ತೆಗೆದುಕೊಂಡರು. ನಾನು ಎದ್ದು ನಿಂತು, ಮಕ್ಕಳು ಕಲಿತರೆ ನಾವು ತಾನಾಗಿಯೇ ಸಂತೋಷವಾಗಿರುತ್ತೇವೆ, ಮೊದಲು ಅವರಿಗೆ ತರಬೇತಿ ಕೊಡಿ ಎಂದೆ. ಎಲ್ಲರೂ ನಕ್ಕರು. ನಾನೊಬ್ಬ ನಗಲಿಲ್ಲ. ಅದು ನನ್ನ ಹಾಸ್ಯದ ಶೈಲಿ ಎಂದು ತಿಳಿದು ಇನ್ನಷ್ಟು ನಕ್ಕರು.

ಆದರೆ ಕೆಲಸದಲ್ಲಿ ನಾನು ಕಳ್ಳನಲ್ಲ. ಒಂದು ಪಿರಿಯಡ್ಡೂ ತಪ್ಪಿಸಲಿಲ್ಲ. ಪಾಠ ಮುಗಿಸಿ ಏನಾದರೂ ಡೌಟು ಇದೆಯೇ ಎಂದು ಕೇಳಿದರೆ ಇಡೀ ಹತ್ತನೆಯ ತರಗತಿ ಒಂದೇ ದನಿಯಲ್ಲಿ 'ಇಲ್ರಿ ಸರ್' ಎನ್ನುತ್ತಿತ್ತು. ಪಕ್ಕದ ಕೋಣೆಯ ವಿಜ್ಞಾನದ ಮೇಡಮ್ಮರ ಕ್ಲಾಸೋ, ರವಿವಾರದ ಸಂತೆ. ಯಾಕ್ರಿ, ಹೆಂಗ್ರಿ, ಅಂತ ಹುಡುಗರು ಅವರ ಜೀವ ತಿನ್ನುತ್ತಿದ್ದರು. ನಿಮ್ಮ ಕ್ಲಾಸು ಎಷ್ಟು ಶಾಂತ ಎಂದು ಅವರು ಒಮ್ಮೆ ಅಂದಾಗ, ಕಲಿಸುವ ರೀತಿಯಲ್ಲಿ ಕಲಿಸಿದರೆ ಡೌಟು ಯಾಕೆ ಬರುತ್ತದೆ ಎಂದು ಅವರಿಗೇ ಬುದ್ಧಿ ಹೇಳಿದೆ. ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ರಿಸಲ್ಟ್ ಬಂತು. ಮೊದಲ ಬೆಂಚಿನ ರೇಣುಕಾ ವಿಜ್ಞಾನದಲ್ಲಿ ಸಾಲಿಗೇ ಮೊದಲು, ಗಣಿತದಲ್ಲಿ ಫೇಲು. ಎರಡನೆಯ ಪರೀಕ್ಷೆಗೆ ಅರ್ಜಿ ತುಂಬಿಸಬೇಕೆಂದು ಅವಳ ಮನೆಗೆ ಹೋದೆ. ತಾಯಿ ದ್ರಾಕ್ಷಿ ತೋಟದ ಕೂಲಿಯಿಂದ ಆಗಷ್ಟೇ ಬಂದಿದ್ದಳು. ಪಾಸಾಗಿದ್ದರೆ ಕಾಲೇಜಿಗೆ ಹಚ್ಚುತ್ತಿದ್ದರಂತೆ, ಹುಡುಗಿಗೆ ನರ್ಸ್ ಆಗುವ ಆಸೆಯಿತ್ತಂತೆ. ಫೇಲಾದ ಮೇಲೆ ಟಿಕೋಟಾದಲ್ಲಿರುವ ಸೋದರತ್ತೆಯ ಹತ್ತಿರ, ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಕಳಿಸಿಬಿಟ್ಟಿದ್ದರು. ಹೇಳುತ್ತ ಹೇಳುತ್ತ ಆಕೆ ಗೋಡೆಯ ಗೂಡಿನಿಂದ ಗಣಿತದ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟಳು. ಹಿಂದಿನ ಹಾಳೆಯ ತಲೆಗೆ ದುಂಡನೆಯ ಅಕ್ಷರದಲ್ಲಿ 'ಸರ್ ಖುಷಿ ಇದ್ದ ದಿನ ಕೇಳುವುದು' ಎಂದು ಬರೆದಿತ್ತು. ಕೆಳಗೆ ಪ್ರಶ್ನೆಗಳು. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕಾಗುತ್ತದೆ? ವರ್ಗ ಸಮೀಕರಣಕ್ಕೆ ಎರಡು ಉತ್ತರ ಬಂದರೆ ಖರೇದು ಯಾವುದು? ಜೂನ್‌ನಿಂದ ಶುರುವಾಗಿ ನಾಲ್ಕು ಪುಟ ತುಂಬಿದ್ದವು. ಒಂದಕ್ಕೂ ಮುಂದೆ ಉತ್ತರ ಇರಲಿಲ್ಲ.

"ದಿನಾ ಲಗೂನ ಹೋಗಿ ನೀವು ಬಸ್ ಇಳಿಯೂದನ್ನ ನೋಡ್ತಿದ್ಲರಿ" ಎಂದಳು ತಾಯಿ. "ನಿಮ್ಮ ಮಾರಿ ನೋಡಿ ಬಂದು, ಇವತ್ತೂ ಬ್ಯಾಡ್ರಲೇ ಅಂತ ಎಲ್ಲಾರಿಗೂ ಹೇಳ್ತಿದ್ಲಂತ. ಸರ್ ಮನ್ಯಾಗ ಏನೋ ಭಾಳ ತ್ರಾಸ ಐತಿ, ನಾವೂ ಕೇಳಿ ಕೇಳಿ ಕಾಡಬಾರದು ಅಂತಿದ್ಲರಿ. ಈಗ ಎಲ್ಲಾ ಆರಾಮ ಐತೇನ್ರಿ ಸರ್?"

ಸಿಟಿಯ ಸಾಲಿ ಸಿಗಲಿಲ್ಲವೆಂದು ಇಡೀ ವರ್ಷ ಸೂತಕ ಹಿಡಿದಿದ್ದೆ ಎಂದು ಆ ತಾಯಿಗೆ ಹೇಗೆ ಹೇಳಲಿ? ಈಗ ಆರಾಮ ಐತವ್ವಾ ಅಂದೆ. ಚಹಾ ಕೊಟ್ಟಳು, ಕುಡಿದೆ. ಮನೆಗೆ ಬಂದು ಹೆಂಡತಿಗೂ ಹೇಳಲಿಲ್ಲ. ಅವಳು ಮುಖ ನೋಡಿಯೇ ತಿಳಿದುಕೊಂಡಳು.

ರವಿವಾರ ಅರ್ಜಿಯನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಟಿಕೋಟಾ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಗಾಜು ನೋಡಿಕೊಂಡು ನಗುವುದನ್ನು ರೂಢಿ ಮಾಡಿದೆ. ಪಕ್ಕದಲ್ಲಿದ್ದ ಮುದುಕಿ ತನ್ನ ಚೀಲವನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಂಡಳು. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿಯ ಕಡ್ಡಿ ತೆಗೆಯುತ್ತಿದ್ದರು. ರೇಣುಕಾ ನನ್ನನ್ನು ಕಂಡು ತಟ್ಟನೆ ಎದ್ದು ನಿಂತಳು. ಅವಳ ಸೋದರತ್ತೆ ನೇರ ಮಾತಿನ ಹೆಂಗಸು. "ಪಾಸ್ ಮಾಡಸ್ತೀರಂದ್ರ ಇವತ್ತ ಕರಕೊಂಡ ಹೋಗ್ರಿ ಸರ್, ಇಲ್ಲಾಂದ್ರ ಇಲ್ಲೇ ಇರ್ಲಿ" ಎಂದಳು.

ಒಂದು ಕ್ರೇಟು ಬೋರಲು ಹಾಕಿಕೊಂಡು ಕೂತು ಹಿಂದಿನ ಹಾಳೆ ತೆರೆದೆ. ಬಸ್ಸಿನಲ್ಲಿ ರೂಢಿ ಮಾಡಿದ್ದನ್ನು ಮುಖದ ಮೇಲೆ ತಂದುಕೊಂಡು, "ಕೇಳವ್ವಾ, ಯಾವದರ ಕೇಳು" ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

"ಏನೂ ಇಲ್ರಿ ಸರ್" ಎಂದಳು ಮೆಲ್ಲಗೆ. "ಎಲ್ಲಾ ತಿಳದೈತ್ರಿ."

ನಾನು ತಲೆ ತಗ್ಗಿಸಿ ಜೂನ್ ತಿಂಗಳ ಮೊದಲ ಪ್ರಶ್ನೆಯನ್ನು ಬಿಡಿಸಿ ಹೇಳತೊಡಗಿದೆ. ಅರ್ಧಕ್ಕೆ ಬಂದು ತಲೆ ಎತ್ತಿದರೆ ಅವಳ ಕಣ್ಣು ಹಾಳೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಒಂದು ದಿನವೂ ರಜೆ ಹಾಕದೆ ವರ್ಷವಿಡೀ ನಾನು ಅವಳಿಗೆ ಕಲಿಸಿದ್ದು ಈ ಮುಖ ಓದುವುದೊಂದನ್ನೇ.