ಬ್ಯಾಡಗಿಗೆ ಬಂದ ಜೆರುಸಲೇಂ ಯುದ್ಧ

ಸತ್ತು ಎಂಟುನೂರು ವರ್ಷವಾದ ಸೈನಿಕರು ನನ್ನನ್ನು ಹೆದರಿಸಿದಷ್ಟು ಬದುಕಿದ್ದವರು ಯಾರೂ ಹೆದರಿಸಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲವು ವರ್ಷ ನಾನು ಬ್ಯಾಡಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಜೆರುಸಲೇಮಿಗಾಗಿ ಕ್ರೈಸ್ತರೂ ಮುಸಲ್ಮಾನರೂ ಇನ್ನೂರು ವರ್ಷ ಬಡಿದಾಡಿದ ಧರ್ಮಯುದ್ಧಗಳ ಪಾಠ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತಿತ್ತು.

ಕಿಟಕಿ

ಮೊದಲ ವರ್ಷ ಪಾಠಕ್ಕೆ ಹೊರಟಾಗ ಪ್ರಿನ್ಸಿಪಾಲರು ತಡೆದರು. ಯಾವುದೋ ಮೆರವಣಿಗೆಯ ವಿಷಯಕ್ಕೆ ಪೇಟೆಯಲ್ಲಿ ಗುಸುಗುಸು ನಡೆದಿತ್ತು. ರಸ್ತೆಗೆ ಕೇಳಿದರೆ ಯಾರು ಹೇಗೆ ತಿಳಿಯುತ್ತಾರೋ, ಕಿಟಕಿ ಹಾಕಿಕೊಂಡು ಸಣ್ಣ ದನಿಯಲ್ಲಿ ಕಲಿಸಿ ಎಂದರು. ಅವರ ಹೆದರಿಕೆ ನನಗೂ ಅಂಟಿತು.

ರಸ್ತೆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದೆವು. ಹಿಂದಿನ ಕಿಟಕಿಗೆ ಬಾಗಿಲೇ ಇರಲಿಲ್ಲ. ಅದರಾಚೆ ಖಾರ ಕುಟ್ಟುವ ಗಿರಣಿ. ಗಿರಣಿ ಶುರುವಾಯಿತು. ಒಳಗೆ ಬಂದ ಘಾಟಿಗೆ ಹೊರಗೆ ಹೋಗಲು ದಾರಿಯಿಲ್ಲ. ಅರ್ಧ ತಾಸಿನ ಮೇಲೆ ಪ್ರಿನ್ಸಿಪಾಲರು ಇಣುಕಿದಾಗ ಇಡೀ ತರಗತಿ ಕಣ್ಣೀರು ಒರೆಸಿಕೊಳ್ಳುತ್ತಿತ್ತು, ನಾನೂ ಸೇರಿ. ಅವರು ನನ್ನನ್ನು ಹೊರಗೆ ಕರೆದರು.

"ಇಷ್ಟು ಮನಸ್ಸಿಗೆ ಹಚ್ಚಿಕೊಂಡು ಕಲಸಬ್ಯಾಡ್ರಿ ಮೇಡಂ. ಸತ್ತಾವ್ರು ನಮ್ಮ ಊರಾವ್ರಲ್ಲ."

ಬಸ್ಸು

ಮೊಬೈಲು ಹೊಸದು. ಒಂದು ಸಂಜೆ ಬಸ್ಸಿನಲ್ಲಿ ಹಾವೇರಿಯ ಮನೆಗೆ ಮರಳುವಾಗ, ರಾಣೇಬೆನ್ನೂರಿನಲ್ಲಿ ಇದೇ ಪಾಠ ಮಾಡುವ ಗೆಳತಿ ಫೋನು ಮಾಡಿ, ನಿನ್ನ ಪಾಠ ಎಲ್ಲಿಗೆ ಬಂತು ಎಂದು ಕೇಳಿದಳು. ಅವಳಿಗೆ ಸರಿಯಾಗಿ ಕೇಳಿಸದ್ದರಿಂದ ನಾನು ಕೂಗಿ ಹೇಳಿದೆ: "ಇವತ್ತು ಮುತ್ತಿಗೆ ಹಾಕೇನಿ. ನಾಳೆ ಊರು ಬೀಳತೈತಿ. ಶನಿವಾರದೊಳಗ ಎಲ್ಲಾ ಮುಗಸ್ತೀನಿ."

ಪಕ್ಕದ ಅಜ್ಜಿ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಹಾವೇರಿಯಲ್ಲಿ ಇಳಿದಾಗ ಕಂಡಕ್ಟರ್ ನನ್ನನ್ನು ನೇರ ಪೊಲೀಸ್ ಚೌಕಿಗೆ ಕರೆದೊಯ್ದ. ಪಠ್ಯಪುಸ್ತಕ ತೆರೆದು ಮುಂದಿಟ್ಟೆ. ಹವಾಲ್ದಾರರು ಎರಡು ಪುಟ ಸಾವಕಾಶ ಓದಿ, ಈ ಜೆರುಸಲೇಂ ಎಲ್ಲಿ ಬರುತ್ತದೆ ಎಂದು ಕೇಳಿದರು. ಸಮುದ್ರದಾಚೆ ಎಂದೆ.

ಪುಸ್ತಕ ಮುಚ್ಚಿ ಕೈಗಿತ್ತರು. "ನಮ್ಮ ಠಾಣೆ ಹದ್ದಿಗೆ ಬರೂದಿಲ್ಲ. ಹೋಗ್ರಿ."

ಹಮಾಲರು

ಮರುವರ್ಷ ಒಂದು ಬೆಳಿಗ್ಗೆ ಮೆಣಸಿನಕಾಯಿ ಪೇಟೆಯ ನಾಲ್ವರು ಹಮಾಲರು, ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಹೆಗಲಿಗೆ ಹಾಕಿಕೊಂಡು, ದಡದಡ ಬಂದರು. ಧರ್ಮಯುದ್ಧ ಕಲಿಸುವ ಅಕ್ಕೋರು ಯಾರು ಎಂದು ಕೇಳಿದರು. ಪ್ರಿನ್ಸಿಪಾಲರು ತಮ್ಮ ಕೋಣೆಗೆ ಹೊಕ್ಕು ಚಿಲಕ ಹಾಕಿಕೊಂಡರು. ನಾನು ಪಡಸಾಲೆಯ ಕಂಬ ಹಿಡಿದು ನಿಂತೆ. ನಿನ್ನೆ ಪಾಠದಲ್ಲಿ ಯಾವ ಮಾತು ತಪ್ಪಿತೋ ಎಂದು ನೆನೆಯುತ್ತಿದ್ದರೆ ಒಂದೂ ನೆನಪಾಗಲೊಲ್ಲದು.

ಮುಂದಿದ್ದ ಸಾಬರು ಕೈ ಮುಗಿದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಮುಸಲ್ಮಾನರ ಸುಲ್ತಾನ ಜೆರುಸಲೇಮಿಗೆ ಮುತ್ತಿಗೆ ಹಾಕಿದ ಎನ್ನುವಲ್ಲಿಗೆ ನಿನ್ನೆ ಗಂಟೆ ಹೊಡೆದಿತ್ತು. ಅವಳು ಮನೆಯಲ್ಲಿ ಹೇಳಿದ ಕಥೆಯನ್ನು ಇವರು ಪೇಟೆಯಲ್ಲಿ ಹೇಳಿದ್ದರು. ಊರೊಳಗಿದ್ದ ಕ್ರೈಸ್ತರನ್ನೆಲ್ಲ ಕೊಂದಿರುತ್ತಾನೆ ಎಂದು ಇಬ್ಬರು, ಬಿಟ್ಟಿರುತ್ತಾನೆ ಎಂದು ಇಬ್ಬರು ವಾದಕ್ಕೆ ಬಿದ್ದು, ಮುಂಜಾನೆಯಿಂದ ಒಂದು ಚೀಲವೂ ಎದ್ದಿರಲಿಲ್ಲ.

"ಮುಂದ ಏನಾತ್ರಿ, ಅಕ್ಕೋರ?"

ಕಂಬ ಬಿಡದೆಯೇ ಹೇಳಿದೆ. ಸುಲ್ತಾನ ಊರು ಗೆದ್ದ, ಬಹಳ ಜನರನ್ನು ಜೀವಸಹಿತ ಹೊರಗೆ ಬಿಟ್ಟ. ಆಮೇಲೆ ದಂಡೆತ್ತಿ ಬಂದ ಇಂಗ್ಲೆಂಡಿನ ರಾಜ ಜ್ವರ ಬಂದು ಮಲಗಿದಾಗ, ಅದೇ ಸುಲ್ತಾನ ವೈರಿಗೆ ಹಣ್ಣು, ಹಿಮದ ಗಡ್ಡೆ ಕಳಿಸಿದ. ಅಲ್ಲಿಗೆ ಲಡಾಯಿ ಮುಗಿಯಿತೇ ಎಂದು ನಾಲ್ವರೂ ಕೇಳಿದರು. ಇಲ್ಲವೆಂದೆ. ಕೊಕ್ಕೆ ಕೆಳಗಿಟ್ಟು ಪಡಸಾಲೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

ಆಗ ಮುಚ್ಚಿದ ಬಾಗಿಲ ಹಿಂದಿನಿಂದ ಪ್ರಿನ್ಸಿಪಾಲರ ಸಣ್ಣ ದನಿ: "ಮೇಡಂ, ಮುಗೀತೇನ್ರಿ?"

"ಇಲ್ರಿ ಸರ್," ಎಂದೆ. "ಇನ್ನೂ ಐದು ಯುದ್ಧ ಅದಾವು."

ಒಳಗೆ ಟೇಬಲ್ಲು ಎಳೆದು ಬಾಗಿಲಿಗೆ ಒತ್ತಿದ ಸಪ್ಪಳ ಕೇಳಿಸಿತು.